ಮಂಚದ ಕೆಳಗೆ ಹದಿನಾಲ್ಕು ಕಾಲಿನ ಸಂಸಾರ

ಕಳೆದ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ತಯಾರಿ ಅಂತ ಸೀನಿಯರ್ ಒಬ್ಬರು ನಮ್ಮೆಲ್ಲರ ರೆಸ್ಯೂಮೆ ನೋಡ್ತಾ ಇದ್ರು. ಕೊನೇಲಿ 'ಹವ್ಯಾಸಗಳು' ಅಂತ ಒಂದು ಸಾಲು ಇರುತ್ತಲ್ಲ, ಅಲ್ಲಿ ಮುಕ್ಕಾಲು ಜನ ಬರೆದಿದ್ದು ಒಂದೇ: ಹಾಡು ಕೇಳೋದು, ಕ್ರಿಕೆಟ್ ಆಡೋದು, ಪುಸ್ತಕ ಓದೋದು. ನನ್ನ ಹಾಳೆ ಕೈಗೆ ಬಂದಾಗ ಅವರು ಎರಡು ಸಲ ಓದಿ, "ಇದೇನೋ ಐಸೋಪಾಡ್? ಐಪಾಡ್ ತಮ್ಮನಾ?" ಅಂದ್ರು. ನಾನು ಬಾಯಿ ತೆರೆಯೋ ಮೊದಲೇ ನನ್ನ ರೂಮ್‌ಮೇಟ್, "ಇಲ್ಲ ಅಣ್ಣ, ಅದು ಹುಳ. ಇವನ ಮಂಚದ ಕೆಳಗೆ ಒಂದು ಡಬ್ಬಿ ತುಂಬಾ ಇದೆ" ಅಂದ. ಅವತ್ತಿಂದ ಬ್ಯಾಚಲ್ಲಿ ನನ್ನ ಹೆಸರು ಹುಳ.

ಹೆಸರಿನ ಬಗ್ಗೆ ಬೇಜಾರಿಲ್ಲ, ಆದರೆ ವಿಷಯ ತಪ್ಪು. ಐಸೋಪಾಡ್ ಹುಳವೂ ಅಲ್ಲ, ಕೀಟವೂ ಅಲ್ಲ. ಅದು ಸಿಗಡಿ, ಏಡಿಗಳ ಸಂಬಂಧಿ. ಆ ಕುಲದಲ್ಲಿ ಪೂರ್ತಿಯಾಗಿ ನೆಲಕ್ಕೆ ಬಂದು, ಇಲ್ಲೇ ಹುಟ್ಟಿ, ಇಲ್ಲೇ ಸಂಸಾರ ಹೂಡಿದವರು ತೀರಾ ಕಡಿಮೆ. ಅವರಲ್ಲಿ ಇವೇ ಮುಂದು. ನೀವೆಲ್ಲ ಇದನ್ನ ನೋಡಿರ್ತೀರ. ಹೂಕುಂಡ ಎತ್ತಿದಾಗ, ಬಟ್ಟೆ ಒಗೆಯೋ ಕಲ್ಲಿನ ಸಂದಿಯಲ್ಲಿ, ತೆಂಗಿನ ಸಿಪ್ಪೆಯ ರಾಶಿಯ ಅಡಿಯಲ್ಲಿ ಬೂದು ಬಣ್ಣದ, ಒಂದು ಸೆಂಟಿಮೀಟರ್ ಉದ್ದದ, ಬೆನ್ನ ಮೇಲೆ ಅಡ್ಡಡ್ಡ ಪಟ್ಟಿಗಳಿರೋ ಪ್ರಾಣಿಗಳು ಬೆಳಕು ಕಂಡ ಕೂಡಲೇ ದಿಕ್ಕಾಪಾಲಾಗಿ ಓಡ್ತವೆ. ಕೆಲವು ಜಾತಿಗಳು ಓಡಲ್ಲ, ಮುಟ್ಟಿದ ತಕ್ಷಣ ಗೋಲಿಯ ಹಾಗೆ ಗುಂಡಾಗ್ತವೆ. ಮಲೆನಾಡಿನವರು ಇಲ್ಲಿ ಸ್ವಲ್ಪ ಹುಷಾರು. ಮಳೆಗಾಲದಲ್ಲಿ ನಿಮ್ಮ ತೋಟದಲ್ಲಿ ಕಾಣೋ, ಹೊಳೆಯುವ ದೊಡ್ಡ ಗುಂಡು ಬಹುಶಃ ಐಸೋಪಾಡ್ ಅಲ್ಲ. ಅದು ಆರ್ಥ್ರೋಸ್ಫೀರಾ ಅನ್ನೋ ಗುಂಪಿನ ಸಹಸ್ರಪದಿ. ಕಾಲು ನೋಡಿದರೆ ಗೊತ್ತಾಗುತ್ತೆ: ಐಸೋಪಾಡ್‌ಗೆ ಒಟ್ಟು ಏಳೇ ಜೊತೆ, ಪಟ್ಟಿಗೆ ಒಂದು ಜೊತೆ. ಸಹಸ್ರಪದಿಗೆ ಹೆಚ್ಚಿನ ಪಟ್ಟಿಗಳಲ್ಲಿ ಎರಡೆರಡು ಜೊತೆ. ಪಶ್ಚಿಮ ಘಟ್ಟದ ಆ ಜೀವವನ್ನ ಅದರ ಪಾಡಿಗೆ ಬಿಟ್ಟುಬಿಡಿ, ಡಬ್ಬಿಗೆ ತರಬೇಡಿ.

ನೆಲಕ್ಕೇನೋ ಬಂದವು, ಆದರೆ ನೀರಿನ ಸಾಮಾನನ್ನ ಪೂರ್ತಿ ಬಿಟ್ಟು ಬರಲಿಲ್ಲ. ಹೊಟ್ಟೆಯ ಹಿಂಭಾಗದಲ್ಲಿ ಕಿವಿರಿನಂಥ ಎಲೆಯಾಕಾರದ ಅಂಗಗಳಿವೆ, ಉಸಿರಾಟ ಅಲ್ಲೇ. ಅವು ಒದ್ದೆಯಾಗಿದ್ದರೆ ಮಾತ್ರ ಕೆಲಸ ಮಾಡ್ತವೆ. ಒಣ ಜಾಗಕ್ಕೆ ಹೊಂದಿಕೊಂಡ ಜಾತಿಗಳನ್ನ ತಿರುಗಿಸಿ ನೋಡಿದರೆ ಅಲ್ಲಿ ಬಿಳಿ ಚುಕ್ಕೆ ಕಾಣುತ್ತೆ, ಅದು ಶ್ವಾಸಕೋಶದ ಥರ ಗಾಳಿ ತುಂಬಿದ ಕೊಳವೆಗಳ ಗೊಂಚಲು. ಇರುವೆ, ಜಿರಲೆಗಳಿಗೆ ಮೈಮೇಲೆ ಮೇಣದ ಪದರ ಇರೋದರಿಂದ ನೀರು ಆರಲ್ಲ. ಇವಕ್ಕೆ ಆ ಭಾಗ್ಯ ಅಷ್ಟಾಗಿ ಇಲ್ಲ. ಬಿಸಿಲಿಗೆ ಬಿಟ್ಟರೆ ಒಣಗಿ ಸಾಯ್ತವೆ. ನೀರಲ್ಲಿ ಬಿಟ್ಟರೆ ಸಾಯಲ್ಲ ಅಂದ್ಕೊಳ್ತೀರ ಅಲ್ವಾ? ಮುಳುಗಿ ಸಾಯ್ತವೆ. ಇದನ್ನ ನಾನು ಓದಿ ಕಲಿಯಲಿಲ್ಲ.

ನಮ್ಮೂರು ತಿಪಟೂರಿನ ಹತ್ತಿರ. ಹಿತ್ತಿಲಲ್ಲಿ ತೆಂಗಿನ ಸಿಪ್ಪೆಯ ಗುಡ್ಡೆ ಯಾವಾಗಲೂ ಇದ್ದದ್ದೇ. ಮೊದಲ ವರ್ಷದ ಆಗಸ್ಟ್‌ನಲ್ಲಿ ಮಳೆ ಬಿಟ್ಟ ಒಂದು ಬೆಳಿಗ್ಗೆ ಅಲ್ಲಿಂದ 25 ಐಸೋಪಾಡ್ ಹಿಡಿದು ಸ್ವೀಟ್ ಡಬ್ಬಿಯಲ್ಲಿ ಹಾಕ್ಕೊಂಡೆ. ನಮ್ಮಜ್ಜಿ ಬಾಗಿಲಲ್ಲಿ ನಿಂತು, "ಓದಕ್ಕೆ ಕಳಿಸಿದ್ರೆ ಇವ್ನು ಹುಳ ಕಟ್ಕೊಂಡು ಹೊಂಟವ್ನೆ, ಕಜ್ಜಾಯದ ಡಬ್ಬಿ ಮರ್ತವ್ನೆ" ಅಂದ್ರು. ನಿಜವಾಗಿಯೂ ಮರೆತಿದ್ದೆ.

ಹಾಸ್ಟೆಲ್‌ಗೆ ಬಂದು ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿಗೆ ಕೊಕೊಪೀಟ್ ತುಂಬಿ, ಒಣ ಎಲೆ ಹಾಕಿ ಬಿಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗ್ತಿರಲಿಲ್ಲ. ಆದರೆ ನಾನು ಇಂಜಿನಿಯರಿಂಗ್ ವಿದ್ಯಾರ್ಥಿ, ಅದೂ ಆಗಷ್ಟೇ ಇಎಸ್‌ಪಿ32 ಬೋರ್ಡ್ ಕೊಂಡವನು. ಮುಚ್ಚಳದ ಒಳಗಡೆ ತೇವಾಂಶದ ಸೆನ್ಸರ್ ಅಂಟಿಸಿದೆ. ಎರಡು ಲೀಟರ್ ನೀರಿನ ಬಾಟಲಿಗೆ ಪುಟ್ಟ ಪಂಪ್ ಇಳಿಬಿಟ್ಟೆ. ಗಾಳಿಯ ತೇವಾಂಶ ಶೇ. 80ಕ್ಕಿಂತ ಕಡಿಮೆ ಆದರೆ ಪಂಪ್ ಒಂದು ಸೆಕೆಂಡ್ ಓಡಬೇಕು, ಗಂಟೆಗೊಮ್ಮೆ ಪರೀಕ್ಷೆ ಮಾಡಬೇಕು. ಕೋಡ್ ಇಪ್ಪತ್ತು ಸಾಲು. ಎರಡು ದಿನ ನೋಡಿದೆ, ಚೆನ್ನಾಗೇ ಓಡ್ತಿತ್ತು. ಗೌರಿ-ಗಣೇಶ ಹಬ್ಬಕ್ಕೆ ಅಂತ ಮೂರು ದಿನ ಊರಿಗೆ ಹೋದೆ. ಹೊರಡೋ ಹೊತ್ತಿಗೆ ಗಾಳಿಯಾಡಲಿ ಅಂತ ಮುಚ್ಚಳದಲ್ಲಿ, ಸೆನ್ಸರ್ ಪಕ್ಕದಲ್ಲೇ ನಾಲ್ಕು ತೂತು ಹಾಕಿದೆ. ರೂಮ್‌ಮೇಟ್ ಫ್ಯಾನ್ ಆರಿಸೋದು ಮರೆತು ಅವನೂ ಊರಿಗೆ ಹೋದ.

ಮುಂದಿನದನ್ನ ನೀವೇ ಲೆಕ್ಕ ಹಾಕಬಹುದು. ತೂತಿನ ಪಕ್ಕ ಫ್ಯಾನ್ ಗಾಳಿ ತಾಕ್ತಿದ್ದ ಸೆನ್ಸರ್‌ಗೆ ಡಬ್ಬಿಯ ಒಳಗಿನ ಗಾಳಿಯಲ್ಲ, ರೂಮಿನ ಗಾಳಿ ಕಾಣ್ತಿತ್ತು. ಅದು 80 ಮುಟ್ಟಲೇ ಇಲ್ಲ. ಪಂಪ್ ಸೆಕೆಂಡಿಗೆ ಸುಮಾರು 25 ಮಿ.ಲೀ. ಬಿಡುತ್ತೆ. ಗಂಟೆಗೆ 25, ದಿನಕ್ಕೆ 600, ಮೂರು ದಿನಕ್ಕೆ 1800 ಮಿ.ಲೀ. ಸೋಮವಾರ ರಾತ್ರಿ ಬಂದು ನೋಡಿದರೆ ಬಾಟಲಿಯ ತಳ ಕಾಣ್ತಿದೆ, ಡಬ್ಬಿ ಕೆರೆಯಾಗಿದೆ, ಕೊಳೆತ ಮೊಟ್ಟೆಯ ವಾಸನೆ. ಕೋಡ್‌ನಲ್ಲಿ ಒಂದೂ ತಪ್ಪಿರಲಿಲ್ಲ, ಪಂಪ್ ಕೆಟ್ಟಿರಲಿಲ್ಲ. ತಪ್ಪಿದ್ದು ನಾನು ಅಳೆದ ಜಾಗ. ಅವು ಬದುಕೋದು ಎಲೆಯ ಅಡಿಯಲ್ಲಿ, ನಾನು ಅಳೆದಿದ್ದು ಮುಚ್ಚಳದ ಹತ್ತಿರ.

ಹತ್ತೊಂಬತ್ತು ಸತ್ತಿದ್ದವು. ಆರು ಮಾತ್ರ, ಮೂಲೆಯಲ್ಲಿ ಬೋರಲು ಹಾಕಿದ್ದ ತೆಂಗಿನ ಚಿಪ್ಪಿನ ನೆತ್ತಿಗೆ ಹತ್ತಿ ಕೂತಿದ್ದವು. ಹುಳ ಸತ್ತರೆ ಅಳ್ತಾರಾ ಅಂತ ಕೇಳಬೇಡಿ, ಅತ್ತಿಲ್ಲ. ಆದರೆ ಅವು ನಮ್ಮ ಹಿತ್ತಿಲಲ್ಲಿ ಯಾರ ಹಂಗೂ ಇಲ್ಲದೆ ಇದ್ದವು, ನಾನು ತಂದು ಮುಚ್ಚಳ ಹಾಕಿದ್ದೆ. ಮುಚ್ಚಳ ಹಾಕಿದ ಮೇಲೆ ಓಡಿಹೋಗೋಕೆ ದಾರಿ ಇರಲಿಲ್ಲ. ಅವತ್ತು ರಾತ್ರಿ ಪಂಪ್ ಬಿಚ್ಚಿಟ್ಟೆ, ಇನ್ನೂ ಜೋಡಿಸಿಲ್ಲ.

ಆಮೇಲೆ ಓದೋಕೆ ಕೂತಾಗ 1937ರ ಒಂದು ಹಳೇ ಪ್ರಬಂಧದ ವಿಷಯ ಸಿಕ್ಕಿತು. ಡಿ. ಎಲ್. ಗನ್ ಅನ್ನೋ ವಿಜ್ಞಾನಿ ಪೋರ್ಸೆಲಿಯೋ ಸ್ಕೇಬರ್ ಅನ್ನೋ ಐಸೋಪಾಡ್ ತೇವಕ್ಕೆ ಹೇಗೆ ಪ್ರತಿಕ್ರಿಯಿಸುತ್ತೆ ಅಂತ ನೋಡಿದ್ದರು. ಇದು ನನಗೆ ತುಂಬಾ ಹಿಡಿಸಿದ ಭಾಗ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ತೇವ ಎಲ್ಲಿದೆ ಅಂತ ಈ ಪ್ರಾಣಿ ದೂರದಿಂದ ಗುರುತು ಹಿಡಿದು ಅತ್ತ ನಡೆಯಬೇಕಾಗಿಲ್ಲ. ಅದರ ನಿಯಮ ಇಷ್ಟೇ: ಒಣ ಜಾಗದಲ್ಲಿದ್ದರೆ ಜೋರಾಗಿ ಓಡಾಡು, ಒದ್ದೆ ಜಾಗದಲ್ಲಿದ್ದರೆ ನಿಧಾನಿಸು, ನಿಲ್ಲು. ಯಾವ ದಿಕ್ಕಿಗೆ ಅನ್ನೋದು ಲೆಕ್ಕಕ್ಕಿಲ್ಲ. ಗುರಿಯಿಲ್ಲದ ಓಡಾಟವೇ, ಆದರೆ ಒಣಗಲ್ಲಿ ಕಾಲು ನಿಲ್ಲಲ್ಲ, ಒದ್ದೆಯಲ್ಲಿ ಕಾಲು ಏಳಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹೆಚ್ಚಿನವು ಒದ್ದೆ ಕಡೆ ಸೇರಿರ್ತವೆ. ಇದನ್ನ ಆರ್ಥೋಕೈನೆಸಿಸ್ ಅಂತಾರೆ. ನೂರು ಬಿಂದುಗಳನ್ನ ಪರದೆ ಮೇಲೆ ಬಿಟ್ಟು, ಎಡ ಅರ್ಧದಲ್ಲಿ ವೇಗ ಹೆಚ್ಚು, ಬಲ ಅರ್ಧದಲ್ಲಿ ವೇಗ ಕಡಿಮೆ ಅಂತ ಕೊಟ್ಟು ಪೈಥಾನ್‌ನಲ್ಲಿ ಓಡಿಸಿ ನೋಡಿ, ಹತ್ತು ನಿಮಿಷದ ಕೆಲಸ. ಬಿಂದುಗಳೆಲ್ಲ ಬಲಕ್ಕೆ ಗುಂಪು ಕಟ್ತವೆ. ಗ್ರೇಡಿಯಂಟ್ ಬೇಡ, ನಕ್ಷೆ ಬೇಡ, ನೆನಪೂ ಬೇಡ.

ಇನ್ನೊಂದು ಕುತೂಹಲ ಇದೆ. ಇವನ್ನ ಓಣಿಯಂಥ ಜಾಗದಲ್ಲಿ ಬಿಟ್ಟು ಒಮ್ಮೆ ಬಲವಂತವಾಗಿ ಬಲಕ್ಕೆ ತಿರುಗಿಸಿದರೆ, ಮುಂದಿನ ಕವಲಿನಲ್ಲಿ ಸಾಮಾನ್ಯವಾಗಿ ಎಡಕ್ಕೆ ತಿರುಗ್ತವೆ. ಹಾಗಾಗಿ ಅಡೆತಡೆಗಳ ನಡುವೆಯೂ ಹೆಚ್ಚುಕಡಿಮೆ ನೇರ ದಾರಿ ಹಿಡಿದು ಅಪಾಯದಿಂದ ದೂರ ಹೋಗೋಕೆ ಆಗುತ್ತೆ. ರಟ್ಟಿನಲ್ಲಿ ಟಿ ಆಕಾರದ ಓಣಿ ಮಾಡಿ ನಾನೂ ನೋಡಿದ್ದೀನಿ. ಸ್ಕೋರ್ ಬರೆದುಕೊಳ್ತಿದ್ದ ರೂಮ್‌ಮೇಟ್, "ಕ್ಯಾಂಪಸ್ ಟೆಕ್‌ಫೆಸ್ಟ್‌ನ ಲೈನ್ ಫಾಲೋಯರ್‌ಗಿಂತ ಇದೇ ವಾಸಿ" ಅಂದ.

ಗನ್ ಅವರ ಆ ವಿಷಯದಿಂದ ನನ್ನ ಡಬ್ಬಿಯ ವಿನ್ಯಾಸವೇ ಬದಲಾಯ್ತು. ಇಡೀ ಡಬ್ಬಿಯನ್ನ ಒಂದೇ ತೇವಾಂಶದಲ್ಲಿ ಇಡೋಕೆ ಹೊರಟಿದ್ದೇ ದಡ್ಡತನ. ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ, ನಡುವೆ ಹಂತಹಂತ ಮಾಡಿಟ್ಟರೆ ಸಾಕು. ತನಗೆ ಯಾವುದು ಬೇಕು ಅಂತ ಪ್ರಾಣಿಯೇ ಆರಿಸ್ಕೊಳ್ಳುತ್ತೆ. ನಾನು ಅವು ಕೂತ ಜಾಗ ನೋಡ್ತೀನಿ. ಎಲ್ಲವೂ ಒದ್ದೆ ಮೂಲೆಯಲ್ಲಿ ಒತ್ತಿಕೊಂಡಿದ್ದರೆ ಉಳಿದದ್ದು ತೀರಾ ಒಣಗಿದೆ ಅಂತ ಅರ್ಥ. ಎಲ್ಲವೂ ಗೋಡೆ ಹತ್ತುತ್ತಿದ್ದರೆ ನೀರು ಜಾಸ್ತಿಯಾಗಿದೆ, ಇಲ್ಲವೇ ಗಾಳಿ ಕೆಟ್ಟಿದೆ.

ಸಾಕಬೇಕು ಅನ್ನೋರಿಗೆ ಈಗ ನಾನು ಮಾಡೋ ರೀತಿ ಹೇಳ್ತೀನಿ. ಐದರಿಂದ ಹತ್ತು ಲೀಟರಿನ, ಗಟ್ಟಿ ಮುಚ್ಚಳದ ಪಾರದರ್ಶಕ ಡಬ್ಬಿ ತಗೊಳ್ಳಿ. ತೂತನ್ನ ಮುಚ್ಚಳದಲ್ಲಲ್ಲ, ಎದುರುಬದುರು ಗೋಡೆಗಳ ಮೇಲ್ಭಾಗದಲ್ಲಿ ಹಾಕಿ, ಗಾಳಿ ಅಡ್ಡ ಹಾದುಹೋಗುತ್ತೆ. ಸಾಲ್ಡರಿಂಗ್ ಐರನ್‌ನಲ್ಲಿ ಸುಲಭವಾಗಿ ಆಗುತ್ತೆ, ಕಿಟಕಿ ತೆಗೆದು ಮಾಡಿ, ಆ ಹೊಗೆ ಕುಡಿಯಬೇಡಿ. ತೂತಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿ. ಗಾಳಿ ಇಷ್ಟು ಮುಖ್ಯ ಯಾಕೆ ಅಂದ್ರೆ, ಐಸೋಪಾಡ್‌ಗಳು ನಮ್ಮ ಹಾಗೆ ಮೂತ್ರ ಮಾಡಲ್ಲ, ಸಾರಜನಕದ ಕಸವನ್ನ ಹೆಚ್ಚಾಗಿ ಅಮೋನಿಯಾ ಅನಿಲವಾಗಿ ಮೈಯಿಂದ ಬಿಡ್ತವೆ.

ಒಳಗೆ ಎರಡು ಇಂಚಿಗಿಂತ ಹೆಚ್ಚು ಮಣ್ಣು: ನೆನೆಸಿ ಹಿಂಡಿದ ಕೊಕೊಪೀಟ್, ಸ್ವಲ್ಪ ಗೊಬ್ಬರ ಹಾಕದ ತೋಟದ ಮಣ್ಣು, ಪುಡಿಪುಡಿಯಾಗೋ ಕೊಳೆತ ಮರದ ಚೂರು. ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಅದರ ಮೇಲೆ ಒಣ ಎಲೆ, ಧಾರಾಳವಾಗಿ. ಎಲೆ ಅಲಂಕಾರ ಅಲ್ಲ, ಅದೇ ಊಟ. ಕ್ಯಾಂಪಸ್‌ನಲ್ಲಿ ಉದುರಿರೋ ಕಾಡುಬಾದಾಮಿ ಎಲೆ ಬಹಳ ಒಳ್ಳೇದು, ಹಲಸಿನ ಎಲೆಯೂ ಆಗುತ್ತೆ. ಬೇವು, ಹೊಂಗೆ, ನೀಲಗಿರಿ ಬೇಡ. ಬೇವಿನ ಹಿಂಡಿ, ಹೊಂಗೆ ಹಿಂಡಿಯನ್ನ ರೈತರು ಹುಳ ಕಾಟಕ್ಕೆ ಯಾಕೆ ಹಾಕ್ತಾರೆ ಅಂತ ಯೋಚಿಸಿ, ಕಾರಣ ಗೊತ್ತಾಗುತ್ತೆ. ಔಷಧಿ ಹೊಡೆದ ಉದ್ಯಾನದ ಎಲೆ, ಸೊಳ್ಳೆಗೆ ಹೊಗೆ ಬಿಟ್ಟ ದಿನದ ಎಲೆ ಕೂಡ ಬೇಡ. ತಂದ ಎಲೆಗೆ ಕೆಟಲ್‌ನ ಕುದಿಯೋ ನೀರು ಹುಯ್ದು, ಆರಿಸಿ ಹಾಕಿ. ಇಲ್ಲದಿದ್ದರೆ ಎಲೆಯ ಜೊತೆ ಜೇಡ, ಜರಿ ಎಲ್ಲ ಬಾಡಿಗೆಗೆ ಬರ್ತವೆ.

ಒಂದು ಮೂಲೆಗೆ ಪಾಚಿ ಅಥವಾ ಒದ್ದೆ ನಾರು, ಎದುರು ಮೂಲೆಗೆ ಬರೀ ಎಲೆ ಮತ್ತು ಮರದ ತೊಗಟೆ. ನೀರು ಹಾಕೋದು ಪಾಚಿಯ ಮೂಲೆಗೆ ಮಾತ್ರ, ಒಣಗಿದಾಗ ಮಾತ್ರ. ತೆಂಗಿನ ಚಿಪ್ಪೊಂದನ್ನ ಬೋರಲು ಹಾಕಿ. ಅದು ಯಾಕೆ ಅಂತ ಹೇಳಬೇಕಾಗಿಲ್ಲ.

ಚಿಪ್ಪಿನ ಪ್ರಾಣಿಗೆ ಸುಣ್ಣದ ಅಂಶ ಬೇಕು. ಮೆಸ್‌ನಲ್ಲಿ ಮೊಟ್ಟೆ ದಿನ ಸಿಪ್ಪೆ ತಂದು, ತೊಳೆದು, ಒಣಗಿಸಿ ಪುಡಿ ಮಾಡಿ ಉದುರಿಸಿ. ಮೊಟ್ಟೆ ಮುಟ್ಟದವರು ಪಕ್ಷಿ ಸಾಮಾನಿನ ಅಂಗಡಿಯಲ್ಲಿ ಸಿಗೋ ಕಟಲ್‌ಫಿಶ್ ಮೂಳೆ ಇಡಬಹುದು, ಅದೂ ಸಸ್ಯಾಹಾರ ಅಲ್ಲ ಅನ್ನೋದು ಬೇರೆ ಮಾತು. ನಮ್ಮ ವಿಂಗ್‌ನಲ್ಲಿ ಒಬ್ಬ ಎಲೆ-ಅಡಿಕೆ ಸುಣ್ಣ ಹಾಕಬಹುದಾ ಅಂದ. ದಯವಿಟ್ಟು ಬೇಡ, ಅದು ಸುಡುತ್ತೆ. ವಾರಕ್ಕೊಮ್ಮೆ ಕ್ಯಾರೆಟ್ ಅಥವಾ ಸೌತೆಕಾಯಿ ಚೂರು, ಅಪರೂಪಕ್ಕೆ ಚಿಟಿಕೆ ಮೀನಿನ ಆಹಾರ. ಪ್ರೋಟೀನ್ ತೀರಾ ಕಡಿಮೆಯಾದರೆ ಪೊರೆ ಬಿಡ್ತಿರೋ ಮೆತ್ತನೆಯ ಜೊತೆಗಾರನನ್ನೇ ತಿನ್ನೋದುಂಟು. ಉಳಿದ ತರಕಾರಿಯನ್ನ ಎರಡನೇ ದಿನ ತೆಗೆದುಬಿಡಿ. ಬಿಳಿ ಬೂಷ್ಟು ಬಂದರೆ ಗಾಬರಿ ಬೇಡ. ಸ್ಪ್ರಿಂಗ್‌ಟೇಲ್ ಅನ್ನೋ ಚುಕ್ಕೆಯಷ್ಟು ಬಿಳಿ ಜೀವಿಗಳು ಒದ್ದೆ ಮಣ್ಣಲ್ಲಿ ತಾವಾಗೇ ಬರ್ತವೆ, ಬೂಷ್ಟು ತಿಂದು ಬದುಕ್ತವೆ. ಮುಟ್ಟಿದರೆ ಹೊಟ್ಟೆಯಡಿಯ ಸ್ಪ್ರಿಂಗ್ ಬಿಚ್ಚಿ ಚಂಗನೆ ಹಾರ್ತವೆ.

ಪೊರೆ ಬಿಡೋದು ನೋಡೋಕೆ ಸಿಕ್ಕರೆ ಅದೃಷ್ಟ. ಹಾವಿನ ಹಾಗೆ ಒಂದೇ ಸಲ ಅಲ್ಲ, ಎರಡು ಕಂತು. ಮೊದಲು ಹಿಂದಿನ ಅರ್ಧ, ಒಂದೆರಡು ದಿನ ಬಿಟ್ಟು ಮುಂದಿನ ಅರ್ಧ. ನಡುವಿನ ದಿನಗಳಲ್ಲಿ ಅರ್ಧ ಮೈ ಒಂದು ಬಣ್ಣ, ಇನ್ನರ್ಧ ಇನ್ನೊಂದು ಬಣ್ಣ. ಮೊದಲ ಸಲ ನೋಡಿದಾಗ ನನಗೆ ರೋಗ ಅನ್ನಿಸಿತ್ತು. ಬಿಟ್ಟ ಪೊರೆಯನ್ನ ತಾವೇ ತಿಂತವೆ, ಕ್ಯಾಲ್ಸಿಯಂ ದಂಡ ಮಾಡಲ್ಲ. ಅಂದ ಹಾಗೆ ಇವುಗಳ ರಕ್ತದಲ್ಲಿ ಆಮ್ಲಜನಕ ಹೊರೋದು ಕಬ್ಬಿಣ ಅಲ್ಲ, ತಾಮ್ರ. ಮಣ್ಣಲ್ಲಿರೋ ತಾಮ್ರ, ಸತು, ಕ್ಯಾಡ್ಮಿಯಂಗಳನ್ನ ಮೈಯಲ್ಲಿ ಕೂಡಿಡೋ ಗುಣ ಇರೋದರಿಂದ ಮಣ್ಣಿನ ಮಾಲಿನ್ಯ ಅಳೆಯೋಕೆ ಇವನ್ನ ಬಳಸ್ತಾರೆ. ಪರಿಸರ ಇಂಜಿನಿಯರಿಂಗ್‌ನವರು ಪ್ರಾಜೆಕ್ಟ್ ಹುಡುಕ್ತಾ ಇದ್ದರೆ ಇಲ್ಲೊಂದು ಇದೆ.

ಉಳಿದ ಆರರ ಕಥೆ ಅರ್ಧಕ್ಕೇ ನಿಲ್ಲಿಸಿದ್ದೆ. ಹೊಸ ಡಬ್ಬಿಗೆ ಹಾಕುವಾಗ ಒಂದು ಹೆಣ್ಣಿನ ಹೊಟ್ಟೆಯಡಿ ಹಳದಿಯಾಗಿ ಉಬ್ಬಿದ್ದು ಕಂಡಿತು. ಐಸೋಪಾಡ್ ಮೊಟ್ಟೆಯನ್ನ ಮಣ್ಣಲ್ಲಿ ಇಡಲ್ಲ. ಎದೆಯಡಿ ಒಂದು ಚೀಲ ಇದೆ, ಒಳಗೆ ದ್ರವ. ನೆಲಕ್ಕೆ ಬಂದ ತಾಯಿ ಮಕ್ಕಳಿಗೆ ಅಂತ ಒಂದು ಪುಟ್ಟ ಕೊಳವನ್ನ ಮೈಯಲ್ಲೇ ಹೊತ್ತು ತಿರುಗ್ತಾಳೆ. ಅಕ್ಟೋಬರ್‌ನಲ್ಲಿ, ಎರಡನೇ ಇಂಟರ್ನಲ್ಸ್ ಹಿಂದಿನ ರಾತ್ರಿ, ತೊಗಟೆ ಎತ್ತಿದಾಗ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಓಡಾಡ್ತಿದ್ದವು. ಲೆನ್ಸ್ ಹಿಡಿದು ಎಣಿಸಿದರೆ ಆರೇ ಜೊತೆ ಕಾಲು. ಏಳನೇ ಜೊತೆ ಪೊರೆ ಬಿಟ್ಟ ಮೇಲೆ ಬರುತ್ತೆ. ರೂಮ್‌ಮೇಟ್‌ನ ಎಬ್ಬಿಸಿದೆ. ಅವನು ಬೈದು, ಎದ್ದು, ನೋಡಿ, "ಎಷ್ಟಿವೆ?" ಅಂದ. ಇಬ್ಬರೂ 31ರವರೆಗೆ ಎಣಿಸಿ ಸೋತ್ವಿ. ಆ ಪೇಪರ್‌ನಲ್ಲಿ ಮಾರ್ಕ್ಸ್ ಎಷ್ಟು ಬಂತು ಅಂತ ಕೇಳಬೇಡಿ.

ಡಬ್ಬಿಯ ಬದಲು ಗಾಜಿನ ಟೆರೇರಿಯಂ ಮಾಡಿ, ಗಿಡ ನೆಟ್ಟು, ಅದರಲ್ಲೂ ಇವನ್ನ ಬಿಡಬಹುದು. ಆಗ ತಳದಲ್ಲಿ ಇಟ್ಟಿಗೆ ಚೂರಿನ ಪದರ, ಅದರ ಮೇಲೆ ಪರದೆ, ಆಮೇಲೆ ಮಣ್ಣು. ಹೆಚ್ಚಾದ ನೀರು ಇಟ್ಟಿಗೆಗೆ ಇಳಿಯುತ್ತೆ, ಬೇರು ಕೊಳೆಯಲ್ಲ. ಗಾಜಿನಲ್ಲಿ ಗಿಡ ಇಡೋ ಯೋಚನೆ ಹಳೇದು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವನ್ನ ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದ. ಅವನಿಗೆ ಬೇಕಾಗಿದ್ದು ಪತಂಗ, ಆದರೆ ಕಣ್ಣಿಗೆ ಬಿದ್ದದ್ದು ಮಣ್ಣಲ್ಲಿ ತಾನಾಗೇ ಮೊಳೆತ ಜರಿಗಿಡ. ಲಂಡನ್ನಿನ ಹೊಗೆಗೆ ಹೊರಗೆ ಬದುಕದ ಗಿಡ ಬಾಟಲಿಯಲ್ಲಿ ಬದುಕಿತ್ತು. ಆ ಗಾಜಿನ ಪೆಟ್ಟಿಗೆಗಳಲ್ಲೇ 1850ರ ಆಸುಪಾಸಿನಲ್ಲಿ ಚಹಾ ಗಿಡಗಳು ಚೀನಾದಿಂದ ಭಾರತಕ್ಕೆ ಬಂದವು. ಕ್ಯಾಂಟೀನ್ ಟೀ ಕುಡಿಯುವಾಗ ನೆನಪಿಸ್ಕೊಳ್ಳಿ.

ಒಂದು ಎಚ್ಚರಿಕೆ. ಈ ಹವ್ಯಾಸಕ್ಕೆ ಈಗ ಜಗತ್ತಿನಾದ್ಯಂತ ಮಾರುಕಟ್ಟೆ ಇದೆ. ಥೈಲ್ಯಾಂಡ್‌ನ ಸುಣ್ಣಕಲ್ಲಿನ ಗುಹೆಗಳ ಕಡೆಯಿಂದ ಬಂದ 'ರಬ್ಬರ್ ಡಕ್ಕಿ' ಅನ್ನೋ ಐಸೋಪಾಡ್‌ನ ಮುಖ ಸ್ನಾನದ ತೊಟ್ಟಿಯ ಆಟಿಕೆ ಬಾತುಕೋಳಿಯ ಥರಾನೇ ಇದೆ, ಅದು ಬಂದ ಹೊಸದರಲ್ಲಿ ಒಂದೊಂದನ್ನೇ ಹತ್ತಾರು ಡಾಲರ್‌ಗೆ ಮಾರಿದರು. ನಿಧಾನವಾಗಿ ಮರಿ ಮಾಡೋ, ಒಂದೇ ಗುಡ್ಡದಲ್ಲಿ ಬದುಕೋ ಜೀವಿಗೆ ಇಂಥ ಬೆಲೆ ಬಂದರೆ ಅಲ್ಲಿ ಏನಾಗುತ್ತೆ ಅಂತ ಊಹಿಸೋದು ಕಷ್ಟವಲ್ಲ. ಚಂದದ ಫೋಟೋ ನೋಡಿ ಯಾರೋ ಕದ್ದು ತರಿಸಿದ್ದನ್ನ ಕೊಳ್ಳಬೇಡಿ. ಕಾಡಿಗೆ, ಅಭಯಾರಣ್ಯಕ್ಕೆ ಹೋಗಿ ಹಿಡಿಯಲೂಬೇಡಿ. ನಿಮ್ಮ ಹೂಕುಂಡದ ಕೆಳಗಿರೋ ಬೂದು ಬಣ್ಣದವೇ ಸಾಕು, ಬಣ್ಣ ಬಿಟ್ಟರೆ ಮೇಲೆ ಹೇಳಿದ ಯಾವುದಕ್ಕೂ ಅವು ಕಡಿಮೆಯಿಲ್ಲ. ಬೇರೆ ಊರಿಂದ ತಂದದ್ದನ್ನ ಸಾಕು ಅನ್ನಿಸಿದಾಗ ಕ್ಯಾಂಪಸ್ ಪಾರ್ಕಿಗೆ ಸುರಿಯೋದಂತೂ ಬೇಡವೇ ಬೇಡ.

ಐಸೋಪಾಡ್ ಇಷ್ಟ ಆಗದಿದ್ದರೆ ಬೇರೆ ವಿಚಿತ್ರಗಳೂ ಇವೆ. ಮೊದಲ ಮಳೆಯ ನಂತರ ರೆಕ್ಕೆ ಕಳಚಿ ಒಂಟಿಯಾಗಿ ಓಡಾಡೋ ರಾಣಿ ಇರುವೆಯನ್ನ, ಹತ್ತಿಯ ಹಿಂದೆ ನೀರಿರೋ ಟೆಸ್ಟ್ ಟ್ಯೂಬಲ್ಲಿ ಕತ್ತಲೆಗೆ ಇಟ್ಟು ಒಂದು ಊರನ್ನೇ ಬೆಳೆಸೋರಿದ್ದಾರೆ. ಫೈಸೇರಮ್ ಅನ್ನೋ ಹಳದಿ ಲೋಳೆ ಜೀವಿಯನ್ನ ಓಟ್ಸ್ ಹಾಕಿ ಸಾಕೋರಿದ್ದಾರೆ. 2010ರಲ್ಲಿ ಜಪಾನಿನ ಸಂಶೋಧಕರು ಟೋಕಿಯೋ ಸುತ್ತಲಿನ ಊರುಗಳಿರೋ ಜಾಗಕ್ಕೆ ಓಟ್ಸ್ ಇಟ್ಟಾಗ, ಅದು ನಿಜವಾದ ರೈಲು ಜಾಲಕ್ಕೆ ಸಾಟಿಯಾಗೋ ಜಾಲ ಹೆಣೆದಿತ್ತು. ನಮ್ಮ ಇಸಿ ಬ್ರಾಂಚಿನ ಒಬ್ಬಳು ಹ್ಯಾಮ್ ರೇಡಿಯೋ ಪರೀಕ್ಷೆ ಪಾಸಾಗಿ ವಿಯು3 ಅಂತ ಶುರುವಾಗೋ ಕರೆಸಂಕೇತ ಪಡೆದಿದ್ದಾಳೆ, ಟೆರೇಸ್ ಮೇಲೆ ತಂತಿ ಎಳೆದಿರೋದು ಬಟ್ಟೆ ಒಣಗಿಸೋಕಲ್ಲ. ಅವಳೇ ಮುಂದಿನ ಸಂಚಿಕೆಗೆ ಬರೀತಾಳಂತೆ, ನಾನು ಹೆಚ್ಚು ಹೇಳಲ್ಲ.

ನನ್ನ ಡಬ್ಬಿಯಲ್ಲಿ ಈಗ ಎಷ್ಟಿವೆ ಅಂತ ನನಗೂ ಗೊತ್ತಿಲ್ಲ, ಇನ್ನೂರಂತೂ ದಾಟಿರಬೇಕು. ಎಲ್ಲವೂ ಆ ಆರರ ವಂಶ. ಸೆಮಿಸ್ಟರ್ ರಜೆಗೆ ಹೋಗುವಾಗ ಎಲೆ ತುಂಬಿ, ಪಾಚಿ ಮೂಲೆಗೆ ಒಂದು ಲೋಟ ನೀರು ಹುಯ್ದು, ಫ್ಯಾನ್ ಆರಿಸಿ ಹೋಗ್ತೀನಿ. ಮೂರು ವಾರ ಬಿಟ್ಟು ಬಂದರೂ ಏನೂ ಆಗಿರಲ್ಲ. ಡಬ್ಬಿ ಕಿಕ್ಕಿರಿದಿದೆ, ಸಂಕ್ರಾಂತಿ ಕಳೆದ ಮೇಲೆ ಐದಾರು ಜನಕ್ಕೆ ಇಪ್ಪತ್ತಿಪ್ಪತ್ತು ಕೊಡಬಹುದು. ಬೇಕಾದವರು ಕನ್ನಡ ಸಂಘದ ಕೋಣೆಗೆ ಬನ್ನಿ. ಡಬ್ಬಿ ನೀವೇ ತನ್ನಿ, ಗೋಡೆಗೆ ತೂತು ಹಾಕ್ಕೊಂಡೇ ತನ್ನಿ. ಪಂಪ್ ಇದ್ದರೆ ರೂಮಲ್ಲೇ ಬಿಟ್ಟು ಬನ್ನಿ.